ಕಾಯಿ ಒಲ್ಲೆನೆಂದ ಸಮುದ್ರ

ಇವತ್ತು ಮುಂಜಾನೆ ರೊಟ್ಟಿಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಚ್ಚಿಕೊಂಡು ಬಾಯಿಗಿಟ್ಟಾಗ ಹಲ್ಲಿನ ನಡುವೆ ಕರಕ್ಕೆಂದು ಉಸುಕು ಸಿಕ್ಕಿತು. ಒಂದೇ ಒಂದು ಹರಳು. ಶೇಂಗಾ ನೆಲದೊಳಗೆ ಬೆಳೆಯುವಂಥದ್ದು. ಎಷ್ಟು ಕೇರಿದರೂ ಒಮ್ಮೊಮ್ಮೆ ಹೊಲದ ಗುರುತು ಹಿಂಡಿಯ ಡಬ್ಬಿಯವರೆಗೂ ಬಂದುಬಿಡುತ್ತದೆ. ಉಗುಳಿ ಒಂದು ಗುಟುಕು ನೀರು ಕುಡಿದರೆ ಮುಗಿಯಿತು. ಆದರೆ ನಾನು ತುತ್ತನ್ನು ಬಾಯಲ್ಲಿಟ್ಟುಕೊಂಡೇ ಸುಮ್ಮನೆ ಕುಳಿತೆ. ಸಮುದ್ರದಿಂದ ಒಂದು ರಾತ್ರಿಯ ದಾರಿ ದೂರದಲ್ಲಿರುವ ಮುದ್ದೇಬಿಹಾಳದ ನನ್ನ ಅಡುಗೆಮನೆಯಲ್ಲಿ ನಾಲಿಗೆಗೆ ಉಪ್ಪುನೀರಿನ ನೆನಪಾಗಿತ್ತು.

ಎದುರಿಗೆ ದೊಡ್ಡವ್ವ ಕುಳಿತಿದ್ದಳು. ನನ್ನ ತಾಯಿಯ ಅಕ್ಕ, ಸಿಂದಗಿ ಕಡೆಯ ಯಂಕಂಚಿಯವಳು. ಮೊನ್ನೆ ಆ ಹಿಂಡಿಯ ಡಬ್ಬಿಯನ್ನೂ ಒಂದು ಗಂಟು ಖಡಕ್ ರೊಟ್ಟಿಯನ್ನೂ ಹೊತ್ತುಕೊಂಡು ಬಸ್ಸಿನಲ್ಲಿ ಬಂದಿದ್ದಾಳೆ. ನನ್ನ ಮುಖ ನೋಡಿ, "ಉಸುಕ ಸಿಕ್ತೇನವಾ?" ಎಂದಳು. ತಲೆಯಾಡಿಸಿದೆ. ಕೈಯಿಂದಾದ ತಪ್ಪಿಗೆ ನಾಚಿಕೊಳ್ಳುವುದು ಬಿಟ್ಟು ಅವಳ ಮುಖ ಅರಳಿತು.

"ಸಮುದ್ರದ ದಂಡಿಮ್ಯಾಲ ಕುಂತು ಉಂಡಂಗ ಆತು ನೋಡು. ಮತ್ತ ಯಾವಾಗ ಕರಕೊಂಡು ಹೋಗ್ತಿ?"

ನೋಡಿ, ಇಬ್ಬರಿಗೂ ಅದೇ ದಂಡೆ ನೆನಪಾಗಿತ್ತು. ಅವಳಿಗೆ ಅಲ್ಲಿ ಉಂಡದ್ದು ನೆನಪು. ನನಗೆ ಬೇರೆಯದು.

ಎರಡು ವರ್ಷದ ಹಿಂದೆ ದೀಪಾವಳಿ ರಜೆಯಲ್ಲಿ ಒಂದು ಕ್ರೂಸರ್ ಗಾಡಿ ಮಾಡಿಕೊಂಡು ನಾವೊಂದಿಷ್ಟು ಹೆಂಗಸರು ಗೋಕರ್ಣದ ಕಡೆ ಹೋಗಿದ್ದೆವು. ದೊಡ್ಡವ್ವನ ಜೊತೆ ಅವಳ ನೆರೆಮನೆಯ ಮಾಲನಬಿ ಚಾಚಿ ಇದ್ದಳು. ಯಂಕಂಚಿಯಲ್ಲಿ ಇಬ್ಬರ ಮನೆಗೂ ಗೋಡೆ ಒಂದೇ. ಇಬ್ಬರೂ ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಆ ಗೋಡೆಯ ಮೇಲಿಂದ ಪಲ್ಯದ ಬಟ್ಟಲುಗಳು ಆಚೀಚೆ ಓಡಾಡುತ್ತಲೇ ಇವೆ. ಅವರಿಬ್ಬರೂ ಸಮುದ್ರ ಕಂಡವರಲ್ಲ. ನಾನು ಕಂಡಿದ್ದೆ, ಅದೂ ನಾನು ಕಲಿಸುವ ಕಾಲೇಜಿನ ಪ್ರವಾಸದಲ್ಲಿ, ಹುಡುಗಿಯರನ್ನು ಎಣಿಸುವ ಗಡಿಬಿಡಿಯಲ್ಲಿ. ಆದರೂ ದಾರಿಯುದ್ದಕ್ಕೂ ಸಮುದ್ರ ನನ್ನ ತವರುಮನೆಯೇನೋ ಎಂಬಂತೆ ಭಾಷಣ ಮಾಡಿದ್ದೆ. ಅರ್ಥಶಾಸ್ತ್ರ ಕಲಿಸುವವರಿಗೆ ಇದೊಂದು ಚಾಳಿ. ತಮ್ಮ ವಿಷಯವೊಂದನ್ನು ಬಿಟ್ಟು ಉಳಿದದ್ದರ ಬಗ್ಗೆ ಬಹಳ ಧೈರ್ಯ.

ನಮ್ಮ ಕಡೆಯವರಿಗೂ ನೀರಿಗೂ ಇರುವ ಸಂಬಂಧ ನಿಮಗೆ ಗೊತ್ತಿರಬಹುದು. ನಮಗೆ ನೀರೆಂದರೆ ಕೊಡದಲ್ಲಿ ಬರುವುದು, ಕಾಲುವೆಯಲ್ಲಿ ಬಿಡುವುದು, ಬಾವಿಯಲ್ಲಿ ಬಗ್ಗಿ ನೋಡುವುದು. ದೊಡ್ಡ ನೀರೆಂದರೆ ಆಲಮೇಲದ ಆಚೆಯ ಭೀಮೆ ಹೊಳೆ. ಹೊಳೆಗೆ ಹೋದ ಹೆಂಗಸು ಬರಿಗೈಯಲ್ಲಿ ಹೋಗುವುದಿಲ್ಲ. ಅರಿಶಿನ ಕುಂಕುಮ ಏರಿಸಿ, ಅಕ್ಕಿ, ಕಾಯಿ ಬಿಟ್ಟು ಗಂಗವ್ವನ ಉಡಿ ತುಂಬುತ್ತಾಳೆ. ಹೊಳೆ ಕಾಯಿಯನ್ನು ಸರಸರನೆ ಒಯ್ಯುತ್ತದೆ, ಇವಳು ಕೈಮುಗಿದು ತಿರುಗುತ್ತಾಳೆ. ಕೊಟ್ಟದ್ದು ತಿರುಗಿ ಬರುವ ಪ್ರಶ್ನೆಯೇ ಇಲ್ಲ.

ದೊಡ್ಡವ್ವ ಸಮುದ್ರಕ್ಕೂ ಹಾಗೇ ಮಾಡಿದಳು. ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಂಡ ಮೇಲೆ, ಇಳಕಲ್ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕಾಯಿ ಹಿಡಿದು ಪಾದ ತೊಯ್ಯುವಷ್ಟು ನೀರಿಗೆ ಇಳಿದು ಭಕ್ತಿಯಿಂದ ಬಿಟ್ಟಳು. ತೆರೆ ಬಂತು, ಕಾಯಿಯನ್ನು ತಂದು ಅವಳ ಕಾಲ ಬಳಿಯೇ ಇಟ್ಟು ಹೋಯಿತು. ಮತ್ತೆ ಬಿಟ್ಟಳು. ಮತ್ತೆ ಬಂತು. ಅವಳ ಮುಖ ಸಣ್ಣದಾಯಿತು. ಗಂಗವ್ವ ಯಾಕೆ ಒಲ್ಲೆ ಎನ್ನುತ್ತಾಳೆ, ನನ್ನಿಂದ ಏನು ತಪ್ಪಾಗಿದೆ ಎಂದು ನಮ್ಮ ಕಡೆ ತಿರುಗಿ ಕೇಳಿದಳು.

ಪಕ್ಕದಲ್ಲಿ ನಿಂತಿದ್ದ ಮಾಲನಬಿ ಚಾಚಿಗೆ ನಗು. "ಯಕ್ಕಾ, ಇಲ್ಲಿ ಎತ್ತ ನೋಡಿದ್ರೂ ತೆಂಗಿನ ಗಿಡನ ಅದಾವು. ಕಾಯಿ ತಗೊಂಡು ಆಕಿ ಏನ್ ಮಾಡ್ಲಿ? ಒಂದ್ ಸೇರು ಜ್ವಾಳ ತಂದಿದ್ರ ಕೈಚಾಚಿ ತಗೋತಿದ್ಲು."

ನಾವೆಲ್ಲ ನಕ್ಕೆವು. ದೊಡ್ಡವ್ವ ನಗಲಿಲ್ಲ. ಇನ್ನೊಂದು ಹೆಜ್ಜೆ ಒಳಗೆ ಹೋದಳು, ಬಿಟ್ಟಳು, ಬಂತು. ಮತ್ತೊಂದು ಹೆಜ್ಜೆ. ಮೊಣಕಾಲು ಮುಳುಗಿತು, ನಿರಿಗೆ ಬಿಚ್ಚಿ ನೀರಿನ ಮೇಲೆ ಹರಡಿತು. ಸಾಕು ಬಾ ಎಂದು ಕೂಗಿದೆ. ನಮ್ಮ ತರಗತಿಯ ಹಿಂದಿನ ಬೆಂಚಿಗೆ ಮುಟ್ಟುವ ನನ್ನ ದನಿ ಅಲ್ಲಿ ಅವಳಿಗೆ ಮುಟ್ಟಲಿಲ್ಲ. ಚಾಚಿ ಮಾತ್ರ ಗೊಣಗುತ್ತ ಅವಳ ಹಿಂದೆಯೇ ಇಳಿದಳು. ಕೊನೆಗೊಮ್ಮೆ ದೊಡ್ಡವ್ವ ಎರಡೂ ಕೈಯಿಂದ ಕಾಯಿಯನ್ನು ದೂರ ಎಸೆದು, "ಈಗ ನೋಡ್ರಿ" ಎನ್ನುವಂತೆ ನಮ್ಮ ಕಡೆ ತಿರುಗಿ ನಿಂತಳು, ಸಮುದ್ರಕ್ಕೆ ಬೆನ್ನು ಮಾಡಿ. ಭೀಮೆಗೆ ಹಾಗೆ ಬೆನ್ನು ಮಾಡಿ ನಿಲ್ಲಬಹುದು.

ಅವಳ ತಲೆಯ ಹಿಂದೆ ತೆರೆ ಏಳುವುದು ನನಗೆ ಕಂಡಿತು. ಅವಳು ನಗುತ್ತಿದ್ದಳು. ಆಮೇಲೆ ಅವಳಿರಲಿಲ್ಲ.

ಎಷ್ಟು ಹೊತ್ತು ಇರಲಿಲ್ಲ ಎಂದು ಕೇಳಬೇಡಿ. ನೀರು, ನೊರೆ, ಮತ್ತೆ ನೀರು. ನಾನು ಎಲ್ಲರ ಚಪ್ಪಲಿ ಕಾಯುತ್ತ ನಿಂತಿದ್ದೆ, ಗುಡಿಯ ಮುಂದೆ ಕಾಯುವ ಹಾಗೆ. ಕಿರುಚಿದೆನೋ ಇಲ್ಲವೋ ತಿಳಿಯದು. ಮುಂದೆ ಕಂಡದ್ದು ಚಾಚಿಯ ಕೈ. ಆ ಕೈಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು, ಹಗ್ಗದಂತೆ ಬಿಗಿದಿತ್ತು. ಇನ್ನೊಂದು ತೆರೆ ಬಂದು ಇಬ್ಬರನ್ನೂ ಉರುಳಿಸಿ, ತೊಯ್ದ ಎರಡು ಚೀಲಗಳಂತೆ ದಂಡೆಗೆ ಒಗೆಯಿತು.

ನಾನು ಓಡಿಹೋಗಿ ನೋಡಿದರೆ ಇಬ್ಬರೂ ನಗುತ್ತಿದ್ದರು. ದೊಡ್ಡವ್ವನ ಕುಂಕುಮ ತೊಳೆದು ಹೋಗಿತ್ತು, ಬಾಯಿತುಂಬ ಉಸುಕು, ಆದರೂ ಹೊಟ್ಟೆ ಹಿಡಿದುಕೊಂಡು ನಗು. ಕಾಯಿ ಎಲ್ಲೂ ಇರಲಿಲ್ಲ. ದೊಡ್ಡವ್ವ ಸಮುದ್ರದ ಉದ್ದಕ್ಕೂ ಕಣ್ಣಾಡಿಸಿ, "ತಗೊಂಡ್ಳು ನೋಡು" ಎಂದಳು. ಅಷ್ಟು ತೃಪ್ತಿಯ ಮುಖವನ್ನು ಅವಳಲ್ಲಿ ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಗಂಗವ್ವ ತನ್ನಿಂದ ಒಂದು ಮುಳುಗು ಹಾಕಿಸಿಯೇ ಉಡಿ ತೆಗೆದುಕೊಂಡಳು ಎಂದು ಊರಿಗೆ ಬಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳಂತೆ.

ನಾನೂ ಊರಿಗೆ ಬಂದೆ. ಸಹೋದ್ಯೋಗಿಗಳು ಕೇಳಿದಾಗ ಸೂರ್ಯಾಸ್ತ ಚೆನ್ನಾಗಿತ್ತು ಎಂದೆ. ಆದರೆ ಅಂದಿನಿಂದ ಬೋರ್ಡಿನ ಮೇಲೆ ಬರೆಯುವಾಗ ಹಿಂದಿನಿಂದ ವಿದ್ಯಾರ್ಥಿಗಳ ಗುಜುಗುಜು ಮೆಲ್ಲಗೆ ಏರತೊಡಗಿದರೆ ಸಾಕು, ಗಕ್ಕನೆ ತಿರುಗಿ ನಿಲ್ಲುತ್ತೇನೆ. ಮೇಡಂಗೆ ಬೆನ್ನಲ್ಲೂ ಕಣ್ಣಿವೆ ಎಂದು ಹುಡುಗರು ಹೆದರುತ್ತಾರೆ. ನನ್ನ ತರಗತಿಯಲ್ಲಿ ಈಗ ಬಹಳ ಶಿಸ್ತು. ಇಂಥ ಕೀರ್ತಿ ಯಾರಿಗೆ ಬೇಕಾಗಿತ್ತು ಹೇಳಿ. ಬಟ್ಟೆ ಒಣಗಿಸುವಾಗ, ಹಾಲು ಉಕ್ಕುವಾಗ, ಎಲ್ಲಿಂದಲೋ ಆ ತೆರೆ ಎದ್ದು ಬರುತ್ತದೆ. ಪ್ರತಿ ಸಲವೂ ಅವಳು ನಗುತ್ತಿರುತ್ತಾಳೆ, ಪ್ರತಿ ಸಲವೂ ನನ್ನ ಕೂಗು ಮುಟ್ಟುವುದಿಲ್ಲ.

ಹೀಗಾಗಿ ದೊಡ್ಡವ್ವ ಮತ್ತೆ ಸಮುದ್ರದ ಮಾತು ತೆಗೆದಾಗಲೆಲ್ಲ ನಾನು ಪರೀಕ್ಷೆ, ಮೌಲ್ಯಮಾಪನ, ಗಾಡಿ ಸಿಗಲಿಲ್ಲ ಎಂದು ಏನೇನೋ ಅಡ್ಡ ಇಡುತ್ತ ಬಂದೆ. ಅವಳ ಮೊಣಕಾಲು ಈಗ ವರ್ಷದಿಂದ ವರ್ಷಕ್ಕೆ ಬಿಗಿಯುತ್ತಿದೆ. ಇವತ್ತು ಅದನ್ನೇ ಹೇಳಿದಳು, ಕಾಲು ಇರುವತನಕ ಇನ್ನೊಮ್ಮೆ ನೋಡಬೇಕು ಎಂದು. ಉಸುಕು ಇನ್ನೂ ನನ್ನ ಬಾಯಲ್ಲಿತ್ತು. ಎದ್ದುಹೋಗಿ ಉಗುಳಿ ಬಂದೆ. ಸುಳ್ಳೂ ಅದರ ಜೊತೆಗೇ ಹೋಯಿತೇನೋ.

"ದೊಡ್ಡವ್ವಾ, ಅವತ್ತು ನೀ ಸತ್ತಿ ಅಂತ ತಿಳಕೊಂಡಿದ್ದೆ ನಾ."

ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಎಲ್ಲವನ್ನೂ ಹೇಳಿದೆ, ಬೋರ್ಡಿನ ಕಥೆಯನ್ನೂ. ಕೇಳುತ್ತ ಕೇಳುತ್ತ ಅವಳಿಗೆ ಅದು ಬೇರೆ ಯಾರದೋ ಸುದ್ದಿ ಎನ್ನಿಸಿರಬೇಕು. ಎರಡು ವರ್ಷ ನಾವಿಬ್ಬರೂ ಬೇರೆ ಬೇರೆ ಪ್ರವಾಸದಿಂದ ಬಂದವರ ಹಾಗೆ ಇದ್ದೆವು.

"ದಂಡಿಮ್ಯಾಲ ನಿಂತಾಕಿಗೆ ಎಲ್ಲಾ ಕಂಡೈತಿ," ಎಂದಳು. "ಒಳಗಿದ್ದಾಕಿಗೆ ಬರೇ ನೀರು ಕಾಣ್ತಿತ್ತವಾ."

ಆಮೇಲೆ ಮಾಲನಬಿ ಚಾಚಿಗೆ ಫೋನು ಹಚ್ಚಿಸಿದಳು, ಸ್ಪೀಕರ್ ಹಾಕಿಸಿ. ಹುಡುಗಿ ಹೀಗೆ ಹೀಗೆ ಅನ್ನುತ್ತಾಳೆ, ನಿನಗೇನಾದರೂ ಅಂಜಿಕೆ ಬಂದಿತ್ತೇ ಎಂದು ಕೇಳಿದಳು. ಚಾಚಿ ಒಂದು ಜೋಕು ಹೊಡೆಯುತ್ತಾಳೆ ಎಂದು ನಾನು ಕಾದೆ. ಹೊಡೆಯಲಿಲ್ಲ.

"ನಿನಗ ಹೇಳಿಲ್ಲ ಯಕ್ಕಾ. ಈಗೂ ನಿದ್ದ್ಯಾಗ ನನ್ನ ಕೈ ಮುಷ್ಟಿ ಬಿಗಿತೈತಿ, ನಿನ್ನ ಸೆರಗು ಹಿಡದಂಗ. ಎಚ್ಚರಾಗಿ ಬೆರಳು ಬಿಚ್ಚಬೇಕಾಗ್ತೈತಿ."

"ಮತ್ತ ಈ ಸಲ ಬರೂದಿಲ್ಲೇನು ನೀ?"

"ಬರ್ತೇನಿ. ಅಂಜಿಕಿ ಇದ್ರ ಬರಬಾರದಂತ ಯಾರ್ ಹೇಳ್ಯಾರು?"

ನಾನು ಇಷ್ಟು ದಿನ ಅಂಜಿಕೆ ಹೋಗಲಿ, ಆಮೇಲೆ ನೋಡೋಣ ಎಂದುಕೊಂಡಿದ್ದೆ. ಯಂಕಂಚಿಯಲ್ಲಿ ಒಬ್ಬಳು ಅದನ್ನು ರಾತ್ರಿಯೆಲ್ಲ ಮುಷ್ಟಿಯಲ್ಲಿ ಹಿಡಿದುಕೊಂಡು, ಮುಂಜಾನೆ ಬೆರಳು ಬಿಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಆ ತೆರೆ ಕಂಡವಳು ನಾನೊಬ್ಬಳೇ ಅಲ್ಲ.

ಹೋಗೋಣ ಎಂದೆ. ಎಷ್ಟು ಆಳಕ್ಕೆ ಇಳಿಯುವುದು ಎಂಬುದು ಸಂತೆಯ ವ್ಯಾಪಾರವಾಯಿತು. ನಾನು ಪಾದ ಮುಳುಗುವಷ್ಟು ನೀರಿನಿಂದ ಶುರು ಮಾಡಿದೆ. ಪಾದ ತೊಯಿಸಿಕೊಳ್ಳಲು ನಿನ್ನ ಮನೆಯಲ್ಲಿ ಬಕೆಟ್ ಇಲ್ಲವೇ ಎಂದು ದೊಡ್ಡವ್ವ ಸೊಂಟಕ್ಕೆ ಏರಿದಳು. ನಾನು ಏರಲಿಲ್ಲ, ಅವಳು ಇಳಿಯಲಿಲ್ಲ. ಕೊನೆಗೆ ಮೊಣಕಾಲಿಗೆ ಕುದುರಿತು, ಎರಡು ಕರಾರಿನ ಮೇಲೆ: ಅವಳು ಸಮುದ್ರಕ್ಕೆ ಬೆನ್ನು ಮಾಡುವಂತಿಲ್ಲ; ನಾನು ದಂಡೆಯ ಮೇಲೆ ನಿಲ್ಲುವಂತಿಲ್ಲ.

ಫೋನು ಇನ್ನೂ ಚಾಲೂ ಇತ್ತು. ದೊಡ್ಡವ್ವ ಅದನ್ನು ಬಾಯಿಗೆ ಹತ್ತಿರ ಹಿಡಿದು, ನನಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, ಇಡೀ ಮನೆಗೆ ಕೇಳುವಂತೆ ಹೇಳಿದಳು:

"ಮಾಲನಬೀ, ಹುಡುಗಿ ಭಾಳ ಅಂಜ್ಯಾಳ. ಈ ಸಲ ಆಕೀನ ನಡಬರಕ ಹಾಕ್ಕೊಳ್ಳೂಣು. ಒಂದ್ ಕೈ ನೀ ಹಿಡಿ, ಒಂದ್ ಕೈ ನಾ ಹಿಡಿತೇನಿ."

ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾದ ಹುಡುಗಿ ನಾನು. ಬೇಡ ಎನ್ನಲಿಲ್ಲ.