ಬಾಡಿಗೆಯ ಮಲ್ಲಪ್ಪನ ಮನೆ, ಗಂಗವ್ವನ ಸಹಿ

ಮೊದಲು ಸುದ್ದಿ ಹೇಳಿಬಿಡುತ್ತೇನೆ, ತಡೆದುಕೊಳ್ಳಲಾಗುತ್ತಿಲ್ಲ. ಬನಹಟ್ಟಿಯ ನಮ್ಮ ಹಳೆಯ ಮನೆ ಇವತ್ತು ಮಧ್ಯಾಹ್ನ ಬಾಡಿಗೆಯ ಮಲ್ಲಪ್ಪನದಾಯಿತು. ನನ್ನ ತಂಗಿ ಗಂಗವ್ವ ಹನ್ನೊಂದು ವರ್ಷದ ಮೇಲೆ ಆ ಹೊಸ್ತಿಲು ದಾಟಿದಳು. ನನ್ನ ಎಡಗೈ ಹೆಬ್ಬೆರಳಿಗೆ ನೋಂದಣಿ ಕಚೇರಿಯ ನೀಲಿ ಮಸಿ ಇನ್ನೂ ಅಂಟಿಕೊಂಡಿದೆ. ಮೂರನೆಯ ಇಯತ್ತೆಯವರೆಗೆ ಹೋಗಿ ಸಹಿ ಮಾಡುವುದೊಂದನ್ನು ಕಲಿತವನು ನಾನು. ಕಚೇರಿಯವರು ಸಹಿಯ ಜೊತೆಗೆ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು. ಸೋಪು ಹಚ್ಚಿ ತೊಳೆದುಕೊಳ್ಳಿ ಎಂದು ಹೆಂಡತಿ ಎರಡು ಸಲ ಹೇಳಿದಳು. ನಾನು ತೊಳೆದಿಲ್ಲ.

ಮಲ್ಲಪ್ಪ ದರ್ಜಿ. ಹತ್ತು ವರ್ಷದ ಹಿಂದೆ ನಾವು ಓಣಿಯ ಆ ತುದಿಗೆ ಮಗ ಕಟ್ಟಿಸಿದ ಮನೆಗೆ ಹೋದಾಗ ಅವನು ಈ ಹಳೆಯ ಮನೆಗೆ ಬಾಡಿಗೆಗೆ ಬಂದ. ನಡುಮನೆಯಲ್ಲಿ ಅಪ್ಪ ಕಾಲು ಇಳಿಬಿಟ್ಟು ಕುಳಿತು ನೇಯುತ್ತಿದ್ದ ಮಗ್ಗದ ಕುಣಿ ಇತ್ತು. ಅದನ್ನು ಮುಚ್ಚುವ ದಿನ ಮಲ್ಲಪ್ಪ ನನ್ನನ್ನು ಕರೆಸಿ, ಮೊದಲ ಬುಟ್ಟಿ ಮಣ್ಣನ್ನು ನನ್ನ ಕೈಯಿಂದಲೇ ಹಾಕಿಸಿದ. ಅಂಥ ಮನುಷ್ಯ. ಅವನು ಹೊಲಿದ ಅಂಗಿಯ ಒಂದು ತೋಳು ಮಾತ್ರ ಯಾವಾಗಲೂ ತುಸು ಗಿಡ್ಡ. ಕೇಳಿದರೆ, ನಿಮ್ಮ ತೋಳೇ ಉದ್ದ ಅನ್ನುತ್ತಾನೆ.

"ಕಾಕಾ, ಈ ಮನಿ ನನಗ ಕೊಡ್ರಿ. ಬ್ಯಾರೇದವ್ರು ಕೊಂಡ್ರ ನಾ ಗಂಟು ಕಟ್ಟಬೇಕಾಗತೈತಿ," ಎಂದ ಹೋದ ವರ್ಷ. ಚಹಾ ಕುಡಿದೆವು, ಎಲೆ ಅಡಿಕೆ ಹಾಕಿಕೊಂಡೆವು, ಮಾತು ಮುಗಿಯಿತು. ನಡುವೆ ದಲಾಲನಿಲ್ಲ, ಹುಜ್ಜತಿಯಿಲ್ಲ. ಅದೇ ನನ್ನ ಜಂಬ.

ಜಮಖಂಡಿಯಲ್ಲಿ ಕಾಲೇಜು ಓದುವ ಮೊಮ್ಮಗಳು ಮಾತ್ರ, "ಅಜ್ಜಾ, ವಕೀಲರಿಗೆ ತೋರಿಸಿ ಮಾಡು," ಎಂದಳು.

"ನಾವೇನ್ ಕೋರ್ಟಿಗೆ ಹೊಂಟೇವೇನಬೇ?"

"ಕೋರ್ಟಿಗೆ ಹೋಗಬಾರದಂತನ ತೋರಸೂದು."

ವಕೀಲರ ಹತ್ತಿರ ಹೋದರೆ ಮಲ್ಲಪ್ಪನನ್ನು ನಂಬಲಿಲ್ಲವೆಂದು ಊರಿಗೆ ಸಾರಿದಂತೆ ಎಂದು ನನಗೆ ಸಂಕೋಚ. ಅವನಿಗೂ ಅಷ್ಟೇ. ಕೊನೆಗೆ ಮೊಮ್ಮಗಳ ಹಟಕ್ಕೆ ಸೋತು ಜಮಖಂಡಿಯ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ ಹೋದೆವು.

ವಕೀಲಬಾಯಿ ನಮ್ಮ ಮನೆಯ ಉತಾರ, ಅಂದರೆ ಹಕ್ಕಿನ ದಾಖಲೆ, ನೋಡಿದರು. ಹಕ್ಕುದಾರರ ಜಾಗದಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು. "ಅಜ್ಜಾರ, ನಿಮ್ಮಪ್ಪಾರಿಗೆ ಮಕ್ಕಳೆಷ್ಟು ಮಂದಿ?"

"ನಾ ಒಬ್ಬ. ಮತ್ತ ತಂಗಿ ಗಂಗವ್ವ, ಗಲಗಲಿಗೆ ಕೊಟ್ಟೇವಿ. ಆಕೀದು ಮುಗದೈತ್ರಿ, ಉಡಿ ತುಂಬೇವಿ."

ವಕೀಲಬಾಯಿ ಕನ್ನಡಕ ತೆಗೆದಿಟ್ಟರು. "ಉಡಿ ತುಂಬಿದ್ದು ಉತಾರದಾಗ ಏರಂಗಿಲ್ರಿ. ಆಕೀದೂ ನಿಮ್ಮಷ್ಟ ಪಾಲು ಐತಿ. ಆಕಿ ಸಹಿ ಇಲ್ಲದ ಮಾರಿದ್ರ, ನಾಳೆ ತಕರಾರು ಬಂದು ಈ ಮಲ್ಲಪ್ಪಾರ ಬೀದಿಗೆ ಬೀಳ್ತಾರ."

ಮಲ್ಲಪ್ಪ ಬಾಯಿಗೆ ಎತ್ತಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. ಅವನ ಕಾಗದ ನೋಡಲು ಅವನದೇ ಬೇರೆ ವಕೀಲರಿರಲಿ ಎಂದು ಅವರೇ ಹೇಳಿದರು. ನನಗೆ ಹೇಳಿದ್ದು ಇಷ್ಟು: "ಬಿಟ್ಟುಕೊಡ್ತಾಳೋ, ನಿಮ್ಮ ಜೋಡಿ ಮಾರ್ತಾಳೋ, ಆಕಿ ಹೇಳ್ಲಿ. ನೀವು ಹೇಳಿಸಬ್ಯಾಡ್ರಿ."

ಆ ಉಡಿಯ ವಿಷಯ ನಿಮಗೆ ಹೇಳಬೇಕು. ಅಪ್ಪ ಹೋದ ಮರುವರ್ಷ ಗಂಗವ್ವ ನಾಗರ ಪಂಚಮಿಗೆ ತವರಿಗೆ ಬಂದಿದ್ದಳು. ಹಿರಿಯರ ಮುಂದೆ ಕೂರಿಸಿ ಇಳಕಲ್ ಸೀರೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದೆವು. "ಇಲ್ಲಿಗೆ ನಿನ್ನ ಪಾಲು ಮುಗೀತವಾ," ಎಂದರು ಹಿರಿಯರು. ಆಕೆ ಸೆರಗು ಹಿಡಿದು ತಲೆ ಬಗ್ಗಿಸಿದಳು. ತಲೆ ಬಗ್ಗಿಸಿದ್ದನ್ನೇ ನಾನು ಒಪ್ಪಿಗೆ ಎಂದು ತಿಳಿದೆ. ಮರುವರ್ಷದ ಪಂಚಮಿಗೆ ಅವಳು ಬರಲಿಲ್ಲ. ಹೊಲದ ಕೆಲಸವಿರಬೇಕು ಅಂದುಕೊಂಡೆ. ಪ್ರತಿ ವರ್ಷವೂ ಅದನ್ನೇ ಅಂದುಕೊಂಡೆ.

ಗಲಗಲಿಗೆ ಹೋಗಿ ಅವಳ ಮನೆಯ ಕಟ್ಟೆಯ ಮೇಲೆ ಕುಳಿತೆ. ಕುಡಿಯಲು ನೀರೂ ಬರಲಿಲ್ಲ. ಮನೆ ಮಾರುವ ಮಾತು ತೆಗೆದೆ.

"ಸಹಿ ಬೇಕಾತು, ತಂಗಿ ನೆನಪಾದ್ಳು?"

"ಹೂಂ. ವಕೀಲರು ಕಳಿಸಿದ್ರು. ನಿನಗ ಅರ್ಧಾ ಪಾಲು ಐತಂತ."

"ಪಾಲಿಂದು ಇರ್ಲಿ ಅಣ್ಣಾ. ಅವತ್ತ ನನ್ನ ಯಾರೂ ಒಂದ ಮಾತ ಕೇಳಲಿಲ್ಲ."

"ಈಗ ಕೇಳಾಕತ್ತೇನಿ."

"ಹಂಗಾರ ಬಿಟ್ಟುಕೊಡಂಗಿಲ್ಲ. ನಿನ್ನ ಜೋಡಿ ಕುಂತು ಮಾರ್ತೇನಿ," ಎಂದವಳು ಎದ್ದುಹೋಗಿ ನೀರಿನ ತಂಬಿಗೆ ತಂದು ಮುಂದಿಟ್ಟಳು.

ಉತಾರದಲ್ಲಿ ಇಬ್ಬರ ಹೆಸರೂ ಏರಲು ತಿಂಗಳುಗಳೇ ಹಿಡಿದವು. ಇವತ್ತು ಎರಡೂ ಕಡೆಯ ವಕೀಲರು ಒಂದೊಂದು ಸಾಲನ್ನೂ ಓದಿ ತಿಳಿಸಿದ ಮೇಲೆ, ಅಣ್ಣ ತಂಗಿ ಒಂದೇ ಬೆಂಚಿನಲ್ಲಿ ಕುಳಿತು ಹೆಬ್ಬೆಟ್ಟು ಒತ್ತಿದೆವು.

ಸಂಜೆ ಮಲ್ಲಪ್ಪ ನಮ್ಮ ಮನೆಮಂದಿಯನ್ನೆಲ್ಲ ಊಟಕ್ಕೆ ಕರೆದ. ಹತ್ತು ವರ್ಷ ಕೇಳದೆ ಒಳಗೆ ನುಗ್ಗುತ್ತಿದ್ದ ನಾನು ಬಾಗಿಲಲ್ಲೇ ನಿಂತೆ. "ಒಳಗ ಬರ್ಲೇನ್ರಿ ಮಲ್ಲಪ್ಪಾರ?"

"ಚಾಷ್ಟಿ ಸಾಕು, ಬರ್ರಿ ಕಾಕಾ," ಎಂದ.

ಅವನ ಹೆಂಡತಿ ಗಂಗವ್ವನ ಉಡಿ ತುಂಬಲು ಬಂದಳು. ಸೆರಗು ಒಡ್ಡಿದ ಗಂಗವ್ವ ತಟ್ಟನೆ ಹಿಂದಕ್ಕೆಳೆದುಕೊಂಡಳು. "ತಡಿಬೇ, ಈ ಸಲ ಏನ್ ಬಿಟ್ಟುಕೊಡಬೇಕು, ಮೊದಲ ಹೇಳ್ರಿ."

ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ, ಕಣ್ಣೊರೆಸಿಕೊಂಡೆ. "ಏನೂ ಇಲ್ಲವಾ. ಉಣ್ಣಾಕ ಕುಂದರು."

ಹೊಲಿಗೆ ಯಂತ್ರವನ್ನು ಸರಿಸಿ, ಕುಣಿ ಇದ್ದ ಜಾಗದಲ್ಲಿ ಚಾಪೆ ಹಾಸಿದ್ದರು. ಮಗ, ಸೊಸೆ, ಮೊಮ್ಮಗಳು, ಮಲ್ಲಪ್ಪನ ಮನೆಯವರು, ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತೆವು. ಗಂಗವ್ವ ತನ್ನ ತಾಟಿನ ಹೋಳಿಗೆಯಲ್ಲಿ ಅರ್ಧ ಮುರಿದು ನನ್ನ ತಾಟಿಗೆ ಹಾಕಿದಳು. ಅವಳ ಹೆಬ್ಬೆರಳೂ ನನ್ನದರಷ್ಟೇ ನೀಲಿಯಾಗಿತ್ತು.