ಐದಂಕಿ ಓದಿ ನಿಲ್ಲಿರಿ

೨೦೦೪ರಲ್ಲಿ ನಾನು ಬೈಲಹೊಂಗಲದ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಜೂನಿಯರ್ ಟೆಲಿಕಾಂ ಆಫೀಸರ್ ಆಗಿದ್ದೆ. ಹಳ್ಳಿಗಳಿಗೆ ಮೊಬೈಲ್ ನುಗ್ಗುತ್ತಿದ್ದ ಕಾಲ. ಅಗ್ಗದ ಹ್ಯಾಂಡ್‌ಸೆಟ್‌ಗಳ ಪುಟ್ಟ ಪರದೆಯಲ್ಲಿ ಕರೆ ಮಾಡಿದವರ ನಂಬರ್ ನಡುವೆ ಎಲ್ಲೂ ಜಾಗವಿಲ್ಲದೆ ಮೂಡುತ್ತಿತ್ತು. ಮೊದಲು ದೇಶದ ಕೋಡ್ ಪ್ಲಸ್ ತೊಂಬತ್ತೊಂದು, ಅದಕ್ಕಂಟಿಕೊಂಡೇ ಹತ್ತು ಅಂಕಿ. ಸಾಲು ತುಂಬಿದರೆ ಉಳಿದವು ಕೆಳಸಾಲಿಗೆ ಬೀಳುತ್ತಿದ್ದವು.

ಕಬ್ಬಿನ ಹಂಗಾಮಿನ ಒಂದು ಮಧ್ಯಾಹ್ನ ದೊಡವಾಡದ ಕಿರಾಣಿ ಅಂಗಡಿಯ ವೀರಪ್ಪ ಲ್ಯಾಂಡ್‌ಲೈನ್‌ನಿಂದ ಫೋನ್ ಮಾಡಿದರು.

“ಸಾಹೇಬ್ರ, ನಮ್ಮ ಓಣಿ ಗಂಗವ್ವನ ಗಂಡ ಬಸಪ್ಪ ಕಬ್ಬು ಹೇರ್ಕೊಂಡು ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿಗೆ ಹೊಂಟಿದ್ದ. ಈಗ ಯಾರೋ ಟ್ರ್ಯಾಕ್ಟರ್ ಮ್ಯಾಲೆ ಬರದಿದ್ದ ನನ್ನ ಮೊಬೈಲ್ ನಂಬರಿಗೆ ಮಾಡಿ, ಟ್ರೇಲರ್ ಉರುಳೇತಿ, ಆಂವಾ ಕಬ್ಬಿನ ಕೆಳಗ ಸಿಕ್ಕಾನ ಅಂದ್ರು. ಎಲ್ಲಿ ಅನ್ನೂದ್ರಾಗ ಕಟ್ ಆತ್ರಿ!”

ಅವರ ಮೊಬೈಲ್‌ನಲ್ಲಿ ಕರೆನ್ಸಿ ಇರಲಿಲ್ಲ. ಎಸ್‌ಟಿಡಿ ಇಲ್ಲದ ಲ್ಯಾಂಡ್‌ಲೈನ್‌ನಿಂದ ಕರೆ ಮಾಡಿದವನ ಮೊಬೈಲಿಗೆ ಕರೆ ಹೋಗುತ್ತಿರಲಿಲ್ಲ. ನಾನೇ ಮಾಡಬೇಕಿತ್ತು. ಅವರು ಮೊಬೈಲ್ ಪರದೆಯ ಮೇಲಿದ್ದ ಆ ನಂಬರನ್ನು ಒಂದೇ ಉಸಿರಿಗೆ ಓದಿದರು. ಒಂದಂಕಿ ಕಡಿಮೆ ಬಿತ್ತು. ಮತ್ತೆ ಓದಿಸಿದೆ, ಒಂದಂಕಿ ಹೆಚ್ಚಾಯಿತು. ನಡುವೆ ಸಾಲಾಗಿ ಬಂದ ಸೊನ್ನೆಗಳು ಪ್ರತಿ ಸಲವೂ ಬೇರೆ ಲೆಕ್ಕ ಕೊಡುತ್ತಿದ್ದವು.

“ಬ್ಯಾಟರಿ ಮುಗಿಯಾಕ ಬಂದೇತ್ರಿ!” ಎಂದು ವೀರಪ್ಪ ಕೂಗಿದರು.

ನಾನು ಅವರನ್ನು ತಡೆದೆ. “ಪ್ಲಸ್ ತೊಂಬತ್ತೊಂದು ಬಿಟ್ಟುಬಿಡ್ರಿ. ಐದಂಕಿ ಓದಿ ನಿಲ್ರಿ. ನಾ ತಿರುಗಿ ಹೇಳತೇನಿ. ಹೌದಂದ್ರಷ್ಟ ಮುಂದ ಹೋಗ್ರಿ.”

ಮೊದಲ ಐದು ಸರಿಯಾಗಿ ಸಿಕ್ಕವು. ಆಮೇಲೆ ಮೂರೇ ಓದಿ, “ಮುಗೀತ್ರಿ” ಎಂದರು.

“ಇನ್ನೂ ಎರಡು ಬೇಕು. ಕೆಳಗಿನ ಸಾಲ ನೋಡ್ರಿ!”

ಅಷ್ಟರಲ್ಲಿ ಹೆಣ್ಣುಮಗಳೊಬ್ಬಳ ದನಿ ಕೇಳಿತು. ಸುದ್ದಿ ಕೇಳಿ ಅಂಗಡಿಗೆ ಓಡಿಬಂದಿದ್ದ ಗಂಗವ್ವ ಮೊಬೈಲ್ ಕಸಿದುಕೊಂಡಿದ್ದಳು. “ಇಲ್ಲೇ ಅದಾವ್ರಿ, ಏಳು, ನಾಕು! ಏಳು, ನಾಕು!”

“ಆಫ್ ಆತ್ರಿ,” ಎಂದರು ವೀರಪ್ಪ. ನನ್ನ ಕೈಯಲ್ಲಿ ಪೂರ್ತಿ ಹತ್ತಂಕಿ ಇತ್ತು.

ಡಯಲ್ ಮಾಡಿದೆ. ರಿಂಗಾಯಿತು! ಎತ್ತಿದವನು ಏದುಸಿರು ಬಿಡುತ್ತಿದ್ದ. “ನನ್ನ ಕರೆನ್ಸಿ ಖಾಲಿ ಆತ್ರಿ. ಬೈಲಹೊಂಗಲ ದಾಟಿ ಕಿತ್ತೂರ ರಸ್ತೆ, ಹಳ್ಳದ ತಿರುವು. ನಾ ಒಬ್ಬನ ಕಬ್ಬು ಜಗ್ಗಾಕತ್ತೇನಿ. ಜೀವ ಐತ್ರಿ, ಲಗೂನ ಬರ್ರಿ!”

ಅದು ದೊಡವಾಡಕ್ಕಿಂತ ನಮಗೇ ಹತ್ತಿರ. ವೀರಪ್ಪನವರಿಗೆ ಜಾಗ ತಿಳಿಸಿ, ಲೈನ್‌ಮನ್‌ಗಳನ್ನೂ ಕಂಬ ಏರಿಸುವ ಹಗ್ಗ, ಹಾರೆಗಳನ್ನೂ ಜೀಪಿಗೆ ಹಾಕಿಕೊಂಡು ಹೊರಟೆ. ಆ ಅಪರಿಚಿತ ಆಗಲೇ ಬಸಪ್ಪನ ಮುಖದ ಮೇಲಿನ ಕಬ್ಬು ಸರಿಸಿದ್ದ. ನಾವು ಹಗ್ಗ ಬಿಗಿದು ಹೊರೆಗಳನ್ನು ಎಳೆದೆಳೆದು ಹಾಕಿದೆವು. ಕಾಲು ಮುರಿದಿತ್ತು. ಹೊರಗೆ ತೆಗೆದಾಗ ಬಸಪ್ಪ ಕಣ್ಣು ಬಿಟ್ಟು, “ನೀರು ಕೊಡ್ರಿ” ಎಂದ. ಕಂಬ ಹತ್ತಿ ಇಳಿದು ಕಲ್ಲಾಗಿದ್ದ ನಮ್ಮ ಲೈನ್‌ಮನ್‌ಗಳು ಹುಡುಗರಂತೆ ಕೇಕೆ ಹಾಕಿದರು.

ಮರುದಿನವೇ ಕಚೇರಿಯ ಬೋರ್ಡಿನಲ್ಲಿದ್ದ ಮೊಬೈಲ್ ನಂಬರ್‌ಗಳನ್ನೆಲ್ಲ ಐದೈದಾಗಿ ಬಿಡಿಸಿ ಬರೆಸಿದೆ. ಮುಂದೆ ಫೋನ್‌ಗಳೇ ಅಂಕಿಗಳ ನಡುವೆ ಜಾಗ ಬಿಟ್ಟು ತೋರಿಸತೊಡಗಿದಾಗ ಹಲವರಿಗೆ ಅದು ಅಲಂಕಾರವಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ನಂಬರ್ ಸರಿಯಾಗಿದ್ದರಷ್ಟೇ ಸಾಲದು, ಗಾಬರಿಬಿದ್ದವರ ಕಣ್ಣಿಗೂ ನಾಲಿಗೆಗೂ ಅದು ದಕ್ಕಬೇಕು ಎಂಬುದನ್ನು ನಾನು ಆ ಮಧ್ಯಾಹ್ನ ಕಲಿತಿದ್ದೆ.