ಅಂಬಲಿ ಹುಳಿಯ ಸಾನ್ನಾಂ

ಡಿಸೆಂಬರಿನ ಒಂದು ಬೆಳಿಗ್ಗೆ ಮಗಳ ತಲೆ ಬಾಚಲೆಂದು ತೆಂಗಿನೆಣ್ಣೆಯ ಶೀಸೆ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಶೀಸೆ ತುಂಬ ಎಣ್ಣೆ ಇತ್ತು, ಬಿಳಿ ಮೇಣದ ಹಾಗೆ ಗಟ್ಟಿಯಾಗಿ. ಮೂವತ್ತೆರಡು ವರ್ಷ ಕಡಲ ಬದಿಯಲ್ಲಿ ಬಾಳಿದವಳು ನಾನು. ಅಲ್ಲಿ ಚಳಿಗೆ ಎಣ್ಣೆ ಮಬ್ಬಾಗುವುದುಂಟು, ಕಲ್ಲಾಗುವುದಿಲ್ಲ. ಕೆಟ್ಟಿತೆಂದು ತಿಳಿದು ಹಿತ್ತಲಿಗೆ ಒಯ್ದು ಎಸೆಯುವುದರಲ್ಲಿದ್ದೆ. ಮನೆಯೊಡತಿ ಶರಣಮ್ಮ ತಡೆದರು.

"ಬಿಸಲಿಗೆ ಇಡ್ರಿ ಬಾಯಿ. ಈ ಥಂಡಿಗೆ ಮನಶ್ಯಾರೇ ಬಿಗೀತಾರ, ಎಣ್ಣಿ ಏನ ಮಾಡೀತು."

'ಬಾಯಿ' ಎಂದರೆ ಇಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಹುಮನಾಬಾದಿಗೆ ಬಂದು ಆಗ ನಮಗೆ ಒಂದು ತಿಂಗಳು. ರಾಜ್ಯದ ಹೆಸರು ಇನ್ನೂ ಮೈಸೂರೇ ಇತ್ತು. ನಮ್ಮವರು ರಸ್ತೆ ಕೆಲಸದ ಓವರ್‌ಸಿಯರ್. ಮಂಗಳೂರಿನ ಹತ್ತಿರದ ಹಳ್ಳಿಯಿಂದ ಇಷ್ಟು ದೂರಕ್ಕೆ ವರ್ಗವಾಗಿ ಬಂದಿದ್ದೆವು. ಜೊತೆಗೆ ಆರು ವರ್ಷದ ಲೀನಾ.

ಮೊದಲ ಕಷ್ಟ ಮನೆಯದು. ಮೂರು ಕಡೆ ಕೇಳಿದೆವು. ಮಾಂಸ ತಿನ್ನುವವರೆಂದು ಮೂರು ಕಡೆಯೂ ನಯವಾಗಿಯೇ ಬೇಡವೆಂದರು. ಕೊನೆಗೆ ಕಾಳಿನ ವ್ಯಾಪಾರಿಯ ಹೆಂಡತಿ ಶರಣಮ್ಮ ತಮ್ಮ ಮನೆಯ ಹಿಂದಿನ ಎರಡು ಕೋಣೆ ಕೊಟ್ಟರು. ಯಜಮಾನರಿಗೆ ಮನಸ್ಸಿರಲಿಲ್ಲವಂತೆ, ಇವರೇ ಒಪ್ಪಿಸಿದ್ದರು. ಕರಾರು ಒಂದೇ: ಹೊಸ್ತಿಲ ಒಳಗೆ ಮಾಂಸ, ಹೆಂಡ ಬರಕೂಡದು. ನಾವು ಮಾತು ಕೊಟ್ಟೆವು.

ಊರಿನಲ್ಲಿ ನಮ್ಮ ಅಂಗಳದಲ್ಲೇ ತೆಂಗಿನಕಾಯಿ ಬೀಳುತ್ತಿತ್ತು. ಇಲ್ಲಿ ಅಂಗಡಿಯವರು ಕಾಯಿಯನ್ನು ದೇವರಿಗೆ ಎಂದೇ ಕೊಡುತ್ತಿದ್ದರು; ಸಾರಿಗೆ ತುರಿಯುತ್ತೇನೆಂದರೆ ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಕುಚ್ಚಲಕ್ಕಿಯ ಗಂಜಿ, ಇಲ್ಲಿ ಜೋಳದ ರೊಟ್ಟಿ. ರೊಟ್ಟಿ ಬಡಿಯಲು ಕಲಿಯುವವರೆಗೆ ನನ್ನದು ಯಾವುಯಾವುದೋ ದೇಶದ ನಕಾಶೆಯಂತೆ ಹರಿಯುತ್ತಿತ್ತು. ಕನ್ನಡವೂ ಬೇರೆ. ನನ್ನ ಮಾತು ಕೇಳಿ ಶರಣಮ್ಮ, ಬಾಯಿ ಪುಸ್ತಕ ಓದಿದಂಗ ಮಾತಾಡ್ತಾರ ಎಂದು ಓಣಿಗೆಲ್ಲ ಹೇಳಿ ನಗುತ್ತಿದ್ದರು. ನಗಲಿ ಎಂದುಕೊಂಡೆ. ನಗುವವರು ಮಾತು ಬಿಟ್ಟವರಲ್ಲವಲ್ಲ.

ಕ್ರಿಸ್ಮಸ್ ಹತ್ತಿರವಾಯಿತು. ನಮ್ಮ ಪಂಗಡದ ಇಗರ್ಜಿ ಆ ಊರಿನಲ್ಲಿರಲಿಲ್ಲ. ನಕ್ಷತ್ರದ ಗೂಡುದೀಪ ಇಲ್ಲ, ಕೇರಿಯವರ ಹಾಡಿಲ್ಲ. ಹಬ್ಬವೆಂಬುದು ಉಳಿದಿದ್ದರೆ ಅಡಿಗೆಮನೆಯಲ್ಲಿ ಮಾತ್ರ. ಹಬ್ಬದ ತಿಂಡಿಗಳ ಬುಟ್ಟಿಗೆ ನಮ್ಮಲ್ಲಿ ಕುಸ್ವಾರ್ ಎನ್ನುತ್ತೇವೆ. ಅದರಲ್ಲಿ ನೆವ್ರಿ ಮಾಡಿದೆ, ಕೊಬ್ಬರಿ ಎಳ್ಳು ತುಂಬಿ. ಶರಣಮ್ಮ ಒಂದು ಮುರಿದು ನೋಡಿ, ಇದು ನಮ್ಮ ಕರ್ಚಿಕಾಯಿ ಅಲ್ಲೇನು ಎಂದರು. ಹೌದು, ಅದೇ.

ಸಾನ್ನಾಂ ಮಾತ್ರ ಬಾಕಿ. ಅಕ್ಕಿ ರುಬ್ಬಿ, ಸುರ್ ಹಾಕಿ ಉಬ್ಬಿಸಿ, ಬಟ್ಟಲಲ್ಲಿ ಹಬೆಗೆ ಇಟ್ಟು ಬೇಯಿಸುವ ಮೆತ್ತನೆಯ ತಿಂಡಿ ಅದು. ಅದಿಲ್ಲದೆ ನಮ್ಮ ಕ್ರಿಸ್ಮಸ್ ಊಟ ಆಗುವುದಿಲ್ಲ. ಜೊತೆಗಿನ ಕೋಳಿಸಾರನ್ನು ಮಾತು ಕೊಟ್ಟದ್ದಕ್ಕೆ ಬಿಟ್ಟಿದ್ದೆ. ಕಡಲೆ ಗಸಿ ಸಾಕು ಎಂದುಕೊಂಡಿದ್ದೆ. ಸಾನ್ನಾಂ ಬಿಡಲು ಮನಸ್ಸು ಬರಲಿಲ್ಲ. ಲೀನಾ ವಾರದಿಂದ ಅದನ್ನೇ ಕೇಳುತ್ತಿದ್ದಳು.

ಸುರ್ ಎಂದರೆ ತೆಂಗಿನ ಮರದ ಕಳ್ಳು. ಇಲ್ಲಿ ಈಚಲು ಮರದ್ದು ಸಿಗುತ್ತದೆ, ಸಿಂದಿ ಎನ್ನುತ್ತಾರೆ. ನಮ್ಮವರು ಹಬ್ಬದ ಹಿಂದಿನ ಬೆಳಿಗ್ಗೆ ರಸ್ತೆ ಕೆಲಸದವರಿಂದ ಒಂದು ಡಬ್ಬಿ ತರಿಸಿದರು. ನನ್ನ ತಪ್ಪು ಇಲ್ಲೇ. ಅದು ಹೆಂಡ ಎಂಬುದು ನನಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಅಮ್ಮ ಅದನ್ನು ಉಪ್ಪಿನ ಹಾಗೆ ಅಳೆದು ಹಿಟ್ಟಿಗೆ ಸುರಿಯುವುದನ್ನು ಕಂಡವಳು ನಾನು. ಮುಚ್ಚಳ ಒತ್ತಿ ಒಲೆಯ ಪಕ್ಕದ ಗೂಡಿನಲ್ಲಿಟ್ಟೆ.

ಮಧ್ಯಾಹ್ನ ಶರಣಮ್ಮ ಒಳಗೆ ಬಂದರು. ನಾಲ್ಕು ದಿನ ಬಿಟ್ಟರೆ ಎಳ್ಳಮಾಸಿ, ಎಂದರೆ ಎಳ್ಳ ಅಮಾವಾಸ್ಯೆಯ ಹೊಲದ ಹಬ್ಬ; ಘಾಟಬೋರಾಳದ ತಮ್ಮ ಹೊಲಕ್ಕೆ ನಮ್ಮನ್ನೂ ಕರೆಯಲು ಬಂದಿದ್ದರು. ಮಾತಿನ ನಡುವೆ ಡಬ್ಬಿಯ ಮುಚ್ಚಳ ಟಪ್ಪೆಂದು ಹಾರಿ ಅವರ ಕಾಲ ಬಳಿ ಬಿತ್ತು. ನೊರೆ ಗೋಡೆಗುಂಟ ಇಳಿಯಿತು. ವಾಸನೆ ಕೋಣೆ ತುಂಬಿತು.

ಅವರು ಮುಚ್ಚಳ ನೋಡಿದರು, ನನ್ನನ್ನು ನೋಡಿದರು.

"ನಾ ನಮ್ಮವರ ಮುಂದ ನಿಮ್ಮ ಹೊಣಿ ಹೊತ್ತೀನಿ ಬಾಯಿ. ಈಗ ನಾ ಯಾವ ಮುಖ ತೋರಸ್ಲಿ? ಹಬ್ಬ ಮಾಡಕೋರಿ. ಅಮಾಸಿ ಆದ ಮ್ಯಾಲ ಬ್ಯಾರೆ ಮನಿ ನೋಡ್ರಿ."

ಕುಡಿಯಲು ಅಲ್ಲ, ಹಿಟ್ಟಿಗೆ ಎಂದೆ. ಅವರಿಗೆ ನಂಬಿಕೆಯಾಗಲಿಲ್ಲ. ಹೆಂಡದಲ್ಲಿ ಯಾರಾದರೂ ಅಕ್ಕಿ ಕಲಸುತ್ತಾರೆಯೇ ಎಂದು ಕೇಳಿದರು. ನಾನು ಡಬ್ಬಿ ಎತ್ತಿಕೊಂಡು ಹೋಗಿ ಅವರ ಎದುರೇ ಹಿತ್ತಲಿನ ಬೂದಿಗುಂಡಿಗೆ ಸುರಿದೆ. ಆಮೇಲೆ ರುಬ್ಬಿಟ್ಟ ಹಿಟ್ಟಿನ ಪಾತ್ರೆ ತಂದು ಮುಂದಿಟ್ಟೆ. ಇನ್ನು ಇದು ಉಬ್ಬುವುದಿಲ್ಲ, ಅಷ್ಟೆ ಎಂದೆ. ಬಾಗಿಲಲ್ಲಿ ನಿಂತಿದ್ದ ಲೀನಾ, "ಹಾಗಾದರೆ ನಾಳೆ ಕ್ರಿಸ್ಮಸ್ ಇಲ್ವಾ ಅಮ್ಮ?" ಎಂದಳು.

ಶರಣಮ್ಮ ಬೆರಳದ್ದಿ ಹಿಟ್ಟು ನೋಡಿದರು. ಬೆರಳು ಒರೆಸಿಕೊಂಡು ಹೊರಟುಹೋದರು. ನಾನು ಟ್ರಂಕು ಎಳೆದು ಪಾತ್ರೆ ಕಟ್ಟುವುದು ಯಾವಾಗ ಎಂದು ಲೆಕ್ಕ ಹಾಕುತ್ತಾ ಕುಳಿತೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಬಂದರು. ಸೆರಗಿನ ಮರೆಯಲ್ಲಿ ಒಂದು ತಂಬಿಗೆ. ಅದರಲ್ಲಿದ್ದದ್ದು ಎಳ್ಳಮಾಸಿಯ ಅಂಬಲಿಗೆಂದು ವಾರದಿಂದ ಹುಳಿಯುತ್ತಿದ್ದ ಜೋಳದ ಹಿಟ್ಟಿನ ನೀರು. ಸಣ್ಣ ಗುಳ್ಳೆ ಏಳುತ್ತಿದ್ದವು.

"ಇದನ್ನ ಹಾಕಿ ನೋಡ್ರಿ. ಇದೂ ಉಬ್ಬತದ."

ಒಂದು ವಿಷಯ ಅಷ್ಟರಲ್ಲಿ ನನಗೂ ಗೊತ್ತಾಗಿತ್ತು. ಹೊಲದಲ್ಲಿ ಚರಗ ಚೆಲ್ಲುವವರೆಗೆ, ಎಂದರೆ ಭೂಮಿತಾಯಿಗೆ ಮೊದಲ ತುತ್ತು ಎರಚುವವರೆಗೆ, ಅವರ ಮನೆಯಲ್ಲಿ ಆ ಅಂಬಲಿಯ ಗಡಿಗೆಯನ್ನು ಯಾರೂ ಮುಟ್ಟುವುದಿಲ್ಲ. ಬೇಡ ಅಮ್ಮಾ, ನಿಮ್ಮ ನೇಮ ಕೆಡುತ್ತದೆ ಎಂದೆ.

"ಭೂಮಿತಾಯಿಗೆ ನಾ ಹೇಳ್ತೀನಿ," ಎಂದರು. "ಕೂಸಿನ ಹಬ್ಬ ಮೊದಲ ಬಂದದ. ಆಕೀಗೂ ಮಕ್ಕಳ ಅವ. ಹಿಟ್ಟಿಗೆ ಕಂಬಳಿ ಹೊಚ್ಚು ತಂಗೀ, ಥಂಡಿ ಅದ."

ಆವತ್ತಿನಿಂದ ನಾನು ತಂಗಿ. ಬೇರೆ ಮನೆಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಕಂಬಳಿ ಸರಿಸಿ ನೋಡಿದರೆ ಹಿಟ್ಟು ಅಂಚಿನವರೆಗೆ ಏರಿತ್ತು. ಸಾನ್ನಾಂ ಅಮ್ಮನದರಷ್ಟು ಬೆಳ್ಳಗಾಗಲಿಲ್ಲ. ಜೋಳದ ಬಣ್ಣ ತುಸು ಹತ್ತಿತ್ತು, ಕೊನೆಯಲ್ಲಿ ಒಂದು ಹುಳಿ ನಾಲಿಗೆಯಲ್ಲಿ ಉಳಿಯುತ್ತಿತ್ತು. ಲೀನಾ ಐದು ತಿಂದಳು. ಮುಂದಿನ ಮನೆಗೂ ಒಂದು ತಟ್ಟೆ ಹೋಯಿತು. ಯಜಮಾನರು ತಿಂದು, ಇಡ್ಲಿಗಿಂತ ಮೆತ್ತಗದ ಎಂದರಂತೆ. ಹೆಂಡತಿ ಯಾವ ಗಡಿಗೆಗೆ ಕೈ ಹಾಕಿದ್ದರೆಂದು ಅವರಿಗೆ ಇಂದಿಗೂ ತಿಳಿಯದು. ಅಮಾವಾಸ್ಯೆಗೆ ಹೊಲದಲ್ಲಿ ಕೂತು ಕಾಳು ಸೊಪ್ಪಿನ ಭಜ್ಜಿ, ಸಜ್ಜೆಯ ಕಡಬು ಉಂಡೆವು. ಚರಗದ ಬುಟ್ಟಿಯಲ್ಲಿ ನಾನು ಮಾಡಿದ ಒಂದು ಸಾನ್ನಾಂ ಕೂಡ ಇತ್ತು. ಅದನ್ನು ಮುರಿದು ಎರಚಿದ್ದು ಶರಣಮ್ಮನೇ.

ಆಮೇಲೆ ನಮಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಹೆಚ್ಚು ದೂರವಲ್ಲ, ಬಸ್ಸಿನ ದಾರಿ. ಈಗಲೂ ಪ್ರತಿ ಕ್ರಿಸ್ಮಸ್ಸಿನ ಮುಂಚೆ ಹುಮನಾಬಾದಿನಿಂದ ಬಸ್ಸಿನಲ್ಲಿ ಅಂಬಲಿ ಹುಳಿಯ ಒಂದು ಗಡಿಗೆ ಬರುತ್ತದೆ, ಬಾಯಿಗೆ ಬಟ್ಟೆ ಸಡಿಲಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ಏನಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತು. ಒಮ್ಮೆ ಕಂಡಕ್ಟರ್, "ನಿಮ್ಮ ಗಡಗಿ ದಾರಿತುಂಬ ಗೊಣಗಾಡ್ಕೋತ ಬಂತ್ರಿ" ಎಂದು ದೂರು ಹೇಳಿ ಕೊಟ್ಟುಹೋದ.

ಎರಡು ವರ್ಷದ ಹಿಂದೆ ಕ್ರಿಸ್ಮಸ್ಸಿಗೆ ತವರಿಗೆ ಹೋಗಿದ್ದೆವು. ಅಮ್ಮ ತಾಜಾ ಸುರ್ ತರಿಸಿದ್ದಳು. ಸಾನ್ನಾಂ ಹತ್ತಿಯಂತೆ ಬೆಳ್ಳಗೆ ಉಬ್ಬಿದ್ದವು, ನನ್ನ ಬಾಲ್ಯದವೇ. ಎರಡನೆಯದನ್ನು ತಿನ್ನುವಾಗ ನಾಲಿಗೆ ಏನನ್ನೋ ಹುಡುಕುತ್ತಿತ್ತು. ಏನು ಕಡಿಮೆಯಾಯಿತೆಂದು ಅಮ್ಮ ಕೇಳಿದಳು. ಏನಿಲ್ಲ ಎಂದೆ. ಎದುರು ಕೂತಿದ್ದ ಲೀನಾ ನನ್ನನ್ನು ನೋಡಿ ತಲೆ ತಗ್ಗಿಸಿ ನಕ್ಕಳು. ಅವಳೂ ಅದನ್ನೇ ಹುಡುಕುತ್ತಿದ್ದಳು.

ಬರುವ ವರ್ಷ ನಮ್ಮವರಿಗೆ ನಿವೃತ್ತಿ. ಊರಿನ ಮನೆಗೆ ಹಂಚು ಹೊದಿಸಿಯಾಗಿದೆ, ಅಂಗಳದಲ್ಲಿ ತೆಂಗು ಇದೆ. ಎಣ್ಣೆ ಕಲ್ಲಾಗದ ಊರಿಗೆ ಹೋಗುವುದೆಂದು ಇಷ್ಟು ವರ್ಷ ಹೇಳುತ್ತಾ ಬಂದವಳು ನಾನೇ. ಮೊನ್ನೆ ಹುಮನಾಬಾದಿಗೆ ಹೋಗಿ ಶರಣಮ್ಮನಿಗೆ ಸುದ್ದಿ ಮುಟ್ಟಿಸಿದೆ. ಅವರು ಅಕ್ಕಿ ಆರಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಒಳ್ಳೇದಾತು, ಅವ್ವನ ಹತ್ತಿರ ಇರಬೇಕು ಎಂದರು. ಇನ್ನೊಂದು ಹಿಡಿ ಅಕ್ಕಿ ಮೊರಕ್ಕೆ ಎಳೆದುಕೊಂಡು ಕೇಳಿದರು:

"ಹೌದು ತಂಗೀ, ಇನ್ನ ಮ್ಯಾಲ ಗಡಗಿ ಯಾವ ಬಸ್ಸಿಗೆ ಹಾಕ್ಲಿ?"

ನಾನು ಅವರ ಮೊರದ ಇನ್ನೊಂದು ಬದಿ ಹಿಡಿದು ಕಲ್ಲು ಆರಿಸತೊಡಗಿದೆ.